ನೀರಿನಡಿಯ ಬೇಲಿ

ಹಿನ್ನೀರಿನ ದಡದಲ್ಲಿ ಬಾಳುವವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ದೇವರು ನೀರನ್ನು ಏರಿಸುತ್ತಾನೆ, ಇಳಿಸುತ್ತಾನೆ. ಇಳಿಸುವಾಗ ದಡದ ಕೆಸರಿನಲ್ಲಿ ಒಂದೊಂದು ನಗೆಯನ್ನೂ ಬಿಟ್ಟು ಹೋಗುತ್ತಾನೆ.

ನಮ್ಮ ಮನೆ ಇರುವುದು ನರಸಿಂಹರಾಜಪುರದಿಂದ ಆಚೆ, ಗುಡ್ಡದ ಮೇಲೆ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ನಮ್ಮ ಹಿರಿಯರ ಊರು ನೀರಿನೊಳಗೆ ಹೋಯಿತು. ಊರವರೆಲ್ಲ ಪಾತ್ರೆಪಗಡೆ ಹೊತ್ತು ಗುಡ್ಡ ಹತ್ತಿದರು. ನಾನು ಹುಟ್ಟಿದ್ದೇ ಆಮೇಲೆ. ಆ ಊರನ್ನು ಕಣ್ಣಾರೆ ಕಂಡವನಲ್ಲ. ಆದರೂ ನಮ್ಮ ಮನೆಯಲ್ಲಿ ಯಾರೂ ಅದನ್ನು ಮುಳುಗಿದ ಊರು ಅನ್ನುವುದಿಲ್ಲ. "ಕೆಳಗಿನ ಮನೆ" ಅನ್ನುತ್ತಾರೆ, ಮೆಟ್ಟಿಲಿಳಿದರೆ ಸಿಕ್ಕಿಬಿಡುತ್ತದೆ ಅನ್ನುವ ಹಾಗೆ. ಬೆಳಗಿನ ಹೊತ್ತು ನೀರು ಅಲ್ಲಾಡದೆ ಮಲಗಿರುವಾಗ ಗುಡ್ಡ ಮೇಲೊಂದು ಕೆಳಗೊಂದು ಕಾಣುತ್ತದೆ. ಆಗ ಅವರು ಹೇಳುವುದೇ ನಿಜ ಅನ್ನಿಸುತ್ತದೆ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಮೇಗುಂದದ ಗಂಡನ ಮನೆಯಿಂದ ಬಂದಿಳಿದಳು. ಕೈಯಲ್ಲಿ ಒಂದು ಚೀಲ, ಕಂಕುಳಲ್ಲಿ ಒಂದು ಹಸಿರು ಗಾಜಿನ ಬಳೆಯ ಡಬ್ಬಿ.

"ಚೌಡಿಗೆ ಬಳೆ ತೊಡಿಸಿಯೇ ಹೋಗೋದು," ಅಂದಳು.

ಕೆಳಗಿನ ಊರಿನಲ್ಲಿ ಒಂದು ಪದ್ಧತಿ ಇತ್ತು. ಮದುವೆಯಾದ ಹೆಣ್ಣುಮಕ್ಕಳು ಮೊದಲ ಸಲ ತವರಿಗೆ ಬಂದಾಗ ಊರು ಕಾಯುವ ದೇವತೆ ಚೌಡಿಯ ಕಲ್ಲಿಗೆ ಹಸಿರು ಬಳೆ ಇಡಬೇಕು. ಊರು ಬಿಡುವ ದಿನ ಅತ್ತೆ ಲಂಗದ ಹುಡುಗಿ. ಗಾಡಿ ಹೊರಟಾಗ ಹಿಂದಕ್ಕೆ ಓಡಿ ಹೋಗಿ, "ನನ್ನ ಮದುವೆ ಆದ ಮೇಲೆ ನಿನ್ನ ಬಳೆ ತರ್ತೀನಿ, ಎಲ್ಲೂ ಹೋಗ್ಬೇಡ," ಅಂತ ಕಲ್ಲಿಗೆ ಹೇಳಿ ಬಂದಿದ್ದಳಂತೆ. ಚೌಡಿ ಮಾತು ಉಳಿಸಿಕೊಂಡಳು, ಎಲ್ಲೂ ಹೋಗಲಿಲ್ಲ. ನೀರೇ ಮೇಲೆ ಬಂತು. ಆಮೇಲೆ ನೀರು ಚೆನ್ನಾಗಿ ಇಳಿದ ವರ್ಷ ಅತ್ತೆಗೆ ಬಿಡುವಿಲ್ಲ. ಬಾಣಂತನ, ಸೂತಕ, ಅಡಿಕೆ ಕೊಯ್ಲು. ಅತ್ತೆಗೆ ಬಿಡುವಾದ ವರ್ಷ ನೀರಿಗೆ ಬಿಡುವಿಲ್ಲ. ಊರಿನ ಹೆಣ್ಣುಮಕ್ಕಳಲ್ಲಿ ಬಳೆ ಇಡದೆ ಉಳಿದವಳು ಅವಳೊಬ್ಬಳೇ. ಈಗ ಮಂಡಿ ನೋವು. ಇನ್ನೊಂದು ಬೇಸಿಗೆಗೆ ಗುಡ್ಡ ಇಳಿಯುವ ಭರವಸೆ ಅವಳಿಗೇ ಇರಲಿಲ್ಲ.

ಹಾಗಾಗಿ ಮಳೆಗಾಲದೊಳಗೆ ನೀರು ಇಳಿಯಬೇಕು. ಅಷ್ಟೇ ಅವಳ ಬೇಡಿಕೆ.

ಚಪ್ಪಲಿ

ನಮ್ಮ ದಡದಿಂದ ಎದುರು ದಡಕ್ಕೆ ಒಂದು ಮೋಟಾರು ದೋಣಿ ಓಡುತ್ತದೆ. ನಾವು ಲಾಂಚು ಅನ್ನುತ್ತೇವೆ. ಚೌಡಿಯ ಮೇಲೆ ದೋಣಿ ಹಾಯುವಾಗ ಎಲ್ಲರೂ ಚಪ್ಪಲಿ ಕಳಚಿ ಕೈಮುಗಿಯುವುದು ರೂಢಿ. ಪ್ಯಾಟೆಯಿಂದ ಬಂದವರೂ ಶೂ ಬಿಚ್ಚುತ್ತಾರೆ, ಯಾಕೆಂದು ಕೇಳುವುದಿಲ್ಲ. ಆದರೆ ಚೌಡಿ ಇರುವುದು ಸರಿಯಾಗಿ ಎಲ್ಲಿ? ನೀರು ಅಷ್ಟು ಇಳಿದು ಬಹಳ ವರ್ಷವಾಗಿತ್ತು. ಅದು ಗೊತ್ತಿದ್ದ ಹಿರಿಯರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಶಿವನ ಪಾದ ಸೇರಿದ್ದರು. ಕೊನೆಗೆ ದೋಣಿಯವನು ಬೀಡಿ ಹಚ್ಚಲು ಎಂಜಿನ್ ಎಲ್ಲಿ ನಿಧಾನ ಮಾಡುತ್ತಾನೋ ಅದೇ ಚೌಡಿಯ ಜಾಗ ಅಂತ ಆಗಿಹೋಗಿತ್ತು.

ಅತ್ತೆ ಬಂದ ವಾರದಲ್ಲೇ ಲಾಂಚು ಹತ್ತಿದಳು. ಬೀಡಿ ಹೊತ್ತಿತು. ಎಲ್ಲರೂ ಕೈಮುಗಿದೆವು.

"ಇಲ್ಲಲ್ಲ ಮಾರಾಯ. ಇನ್ನೂ ಮುಂದೆ," ಅಂದಳು ಅತ್ತೆ.

ಮುಂದಿನ ಹಲಗೆಯ ಮೇಲೆ ನಾವು ಆಚೆಮನೆಯವರು ಅನ್ನುವ ಮುದುಕರು ಕೂತಿದ್ದರು. ಕೆಳಗಿನ ಊರಿನಲ್ಲಿ ನಮ್ಮ ಬೇಲಿಗೆ ಅಂಟಿಕೊಂಡ ಮನೆ ಅವರದು, ಅತ್ತೆಯ ಓರಗೆಯವರು. ಅವರು ಅತ್ತೆಯ ಕಡೆ ತಿರುಗಲಿಲ್ಲ. ಆಕಾಶ ನೋಡುತ್ತಾ, "ಹಿಂದೆಯೇ ದಾಟಿ ಬಂತು," ಅಂದರು.

"ಮುಂದೆ!" ಅಂದಳು ಅತ್ತೆ, ನೀರು ನೋಡುತ್ತಾ.

"ಹಿಂದೆ," ಅಂದರು ಅವರು, ಮೋಡಕ್ಕೆ.

ದೋಣಿಯವನು ಬೀಡಿ ಆರಿಸಿದ. "ಹಿರಿಯರ ಜಗಳಕ್ಕೆ ನಾವ್ಯಾಕೆ ಪಾಪ ಕಟ್ಕೊಳ್ಳೋದು? ದಡದಿಂದ ದಡಕ್ಕೆ ಯಾರೂ ಚಪ್ಪಲಿ ಹಾಕ್ಬೇಡಿ!" ಅಂತ ಅಪ್ಪಣೆ ಮಾಡಿ, ಎಲ್ಲರ ಚಪ್ಪಲಿಯನ್ನೂ ಒಂದು ಬುಟ್ಟಿಗೆ ತುಂಬಿಸಿದ.

ಎದುರು ದಡದಲ್ಲಿ ಬುಟ್ಟಿ ಸುರಿದಾಗ ನನ್ನ ಪಾಲಿಗೆ ಉಳಿದದ್ದು ಎರಡು ಚಪ್ಪಲಿ, ಎರಡೂ ಬಲಗಾಲಿನವು. ನಾನು ನಿಂತು ನೋಡುತ್ತಿದ್ದೆ.

"ಹಾಕ್ಕೊಂಡು ನಡೀರಿ," ಅಂದ ದೋಣಿಯವನು. "ಬಲಕ್ಕೇ ಎಳೀತವೆ, ಪ್ರದಕ್ಷಿಣೆ ತಾನೇ ಆಗ್ತದೆ."

ಮಾತಿಲ್ಲದ ಅಂಗಳ

ಚೌಡಿಯ ಜಾಗವನ್ನು ಗುರುತು ಮಾಡಿಕೊಂಡರೆ ನೀರು ಇಳಿದಾಗ ಹುಡುಕುವುದು ತಪ್ಪುತ್ತದೆ ಅಂತ ಒಂದು ಬೆಳಿಗ್ಗೆ ಅದೇ ದೋಣಿಯವನ ಸಣ್ಣ ದೋಣಿಯಲ್ಲಿ ಅತ್ತೆಯನ್ನು ಕೂರಿಸಿಕೊಂಡು ಹೊರಟೆವು. ನೀರಿನ ಮೇಲೆ ಮಂಜು ಹರಿದಾಡುತ್ತಿತ್ತು. ದಡ ಕಾಣುತ್ತಿರಲಿಲ್ಲ. ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೆಳಗೆ ಯಾರೋ ಮಲಗಿದ್ದಾರೆ, ಎಚ್ಚರ ಆಗಬಾರದು ಅನ್ನುವ ಹಾಗೆ ಮೂವರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು.

"ಹುಣಸೆಮರ ಬಂತು. ಎಡಕ್ಕೆ ತಿರುಗ್ಸು," ಅಂದಳು ಅತ್ತೆ.

ದೋಣಿಯವನು ಸುತ್ತ ನೋಡಿದ. ಬರೀ ಮಂಜು. ಆದರೂ ತಿರುಗಿಸಿದ.

"ನಿಧಾನ. ಇಲ್ಲಿ ಏರು."

"ಏರು ಎಲ್ಲಿ ಅಮ್ಮ, ನೀರು ಸಪಾಟಾಗೇ ಇದೆಯಲ್ಲ?"

"ನಿಂಗೆಂತ ಗೊತ್ತು? ಎತ್ತುಗಳೇ ಇಲ್ಲಿ ನಿಂತು ಉಸಿರು ಬಿಡ್ತಿದ್ವು."

ಅವನು ಹುಟ್ಟು ನಿಲ್ಲಿಸಿ ಒಮ್ಮೆ ಉಸಿರು ಬಿಟ್ಟ. ಮತ್ತೆ ಹಾಕಿದ. ಇನ್ನೇನು ನೇರ ಹೋಗಬೇಕು, ಅತ್ತೆ ಗಾಬರಿಯಿಂದ ಅವನ ಕೈ ಹಿಡಿದಳು.

"ಅತ್ಲಾಗೆ ಬೇಡ! ಅದು ಆಚೆಮನೆ ಅಂಗಳ. ಅವರಿಗೂ ನಮಗೂ ಮಾತಿಲ್ಲ. ಸುತ್ತಿ ಹೋಗು."

ಮಾತು ನಿಂತದ್ದು ಹಲಸಿನಹಣ್ಣಿಗೆ. ಬೇಲಿಯ ಈಚೆ ನಮ್ಮ ಮರ. ಊರು ಬಿಡುವ ವರ್ಷ ಅದರ ದೊಡ್ಡ ಹಣ್ಣೊಂದು ಬೇಲಿಯ ಆಚೆ ಬಿತ್ತು. ಕೇಳಲು ಹೋದ ಅತ್ತೆಗೆ ಆಗಿನ ಆ ಹುಡುಗ, ಈಗಿನ ಆಚೆಮನೆಯವರು, "ನಮ್ಮ ಹಿತ್ತಲಲ್ಲಿ ಬಿದ್ದದ್ದು ನಮ್ಮದು," ಅಂದನಂತೆ. ಆಮೇಲೆ ಮರ ಮುಳುಗಿತು, ಬೇಲಿ ಮುಳುಗಿತು, ಎರಡೂ ಹಿತ್ತಲು ಮುಳುಗಿದವು. ಜಗಳ ಮಾತ್ರ ಗುಡ್ಡ ಹತ್ತಿ ಬಂತು.

ದೋಣಿಯವನು ಅಂಗಳದ ಅಂಚು ಕೇಳಿಕೊಂಡು ಸುತ್ತಿದ, ಕೊಟ್ಟಿಗೆ ಕೇಳಿಕೊಂಡು ಸುತ್ತಿದ, ಹುಲ್ಲಿನ ಬಣವೆಯನ್ನೂ ಸುತ್ತಿದ. ಸುತ್ತುವಷ್ಟರಲ್ಲಿ ಅತ್ತೆಗೇ ದಿಕ್ಕು ತಪ್ಪಿ ಚೌಡಿ ಸಿಗಲಿಲ್ಲ. ವಾಪಸು ಬರುವಾಗ ಅವನು ತೋಳು ತಿಕ್ಕಿಕೊಳ್ಳುತ್ತಾ ನನ್ನ ಕಿವಿಯಲ್ಲಿ ಹೇಳಿದ, "ಮುಂದಿನ ಸಲ ಅವರಿಬ್ಬರನ್ನೂ ಮೊದ್ಲು ರಾಜಿ ಮಾಡ್ಸಿ ಮಾರಾಯ್ರೆ. ನಂಗೆ ಹುಟ್ಟು ಹಾಕೋದು ಅರ್ಧ ಕಮ್ಮಿ ಆಗ್ತದೆ."

ಬೀಗತಿಯ ಫೋನು

ಅತ್ತೆಯ ಮಗಳನ್ನು ಕೊಟ್ಟದ್ದು ದಾವಣಗೆರೆ ಕಡೆಗೆ. ಅವರದು ನಮ್ಮ ಅಣೆಕಟ್ಟಿನ ಕಾಲುವೆ ನೀರು ಕುಡಿಯುವ ಭತ್ತದ ಗದ್ದೆ. ಒಂದು ದಿನ ಅತ್ತೆಯ ಬೀಗತಿ ಫೋನು ಮಾಡಿದರು. ನಮ್ಮ ಜಗಲಿಯಲ್ಲಿ ಸಿಗ್ನಲ್ ಸಿಗುವುದು ಒಂದು ಕಂಬದ ಹತ್ತಿರ ಮಾತ್ರ. ಅತ್ತೆ ಕಂಬ ತಬ್ಬಿಕೊಂಡು ಗಟ್ಟಿಯಾಗಿ ಮಾತಾಡಿದಳು.

"ಡ್ಯಾಮಿನ ನೀರು ಹೆಂಗೈತಿ ಬೀಗರೇ?" ಅಂತ ಆ ಕಡೆಯಿಂದ ಕೇಳಿತು.

"ಇಳೀತಾ ಇದೆ. ದೇವರ ದಯ."

ಬೀಗತಿಯ ಧ್ವನಿ ಏರಿತು. "ಇಳಿಯಾಕತ್ತಿದ್ರೆ ದೇವರ ದಯ ಅಂತೀರಲ್ರೀ! ನಾವಿಲ್ಲಿ ತುಂಬಿರ್ಲಿ ಅಂತ ಹಣಮಪ್ಪಗ ಕಾಯಿ ಒಡಸೀವಿ."

ಅತ್ತೆಗೆ ಸಂಕಟವಾಯಿತು. ಮಗಳು ಉಣ್ಣುವ ಅನ್ನವೂ ಅದೇ ನೀರಿನದು. ಹಾಗಂತ ಬಳೆ ಬಿಡುವಂತಿಲ್ಲ. ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ತನ್ನ ಹರಕೆಯನ್ನು ಹೇಳಿಕೊಂಡಳು. ಎಲ್ಲ ಕೇಳಿದ ಮೇಲೆ ಬೀಗತಿ ನಿಧಾನವಾಗಿ ಕೇಳಿದರು.

"ಹಂಗಾದ್ರ, ನಿಮ್ಮ ದೇವಿ ಮ್ಯಾಲಿರೋ ನೀರು ನಮ್ಮ ಗದ್ದಿಗೇ ಬರಬೇಕಲ್ಲೇನ್ರೀ?"

"ಮತ್ತೆಲ್ಲಿ ಹೋಗ್ತದೆ?"

"ಅಷ್ಟ ತಾನೇ? ಅದಕ್ಯಾಕ ಇಬ್ಬರೂ ಬ್ಯಾರೆ ಬ್ಯಾರೆ ದೇವರನ್ನ ಕಾಡೋದು? ಎಷ್ಟು ಕುಡೀಬೇಕು ಹೇಳ್ರಿ, ಕುಡದು ಮುಗಸ್ತೀವಿ."

ಶೃಂಗೇರಿಗೆ ಅರ್ಜಿ

ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ಮೋಡ ಕಟ್ಟಿತು. ಅತ್ತೆಯ ಮುಖವೂ ಕಟ್ಟಿತು. ಮರುದಿನ ಬೆಳಿಗ್ಗೆಯೇ ಕೊಪ್ಪದ ಮೇಲೆ ಬಸ್ಸು ಹಿಡಿದು ಶೃಂಗೇರಿಗೆ ಹೋದೆವು. ಮಳೆ ಸ್ವಲ್ಪ ತಡವಾಗಿ ಬರಲಿ ಅಂತ ಅಮ್ಮನವರಲ್ಲಿ ಕೇಳಿಕೊಳ್ಳುವುದು ಅತ್ತೆಯ ಯೋಜನೆ.

ಸಾಲಿನಲ್ಲಿ ನಮ್ಮ ಮುಂದೆ ನೆಮ್ಮಾರಿನ ಒಬ್ಬ ಹೆಂಗಸು ನಿಂತಿದ್ದಳು. ಕಾಫಿ ಹೂವಿಗೆ ಒಂದು ಹದ ಮಳೆ ಕೊಡು ತಾಯಿ ಅಂತ ಕಣ್ಣುಮುಚ್ಚಿ ಗಟ್ಟಿಯಾಗಿಯೇ ಬೇಡುತ್ತಿದ್ದಳು. ಅತ್ತೆ ಅವಳ ಭುಜ ಮುಟ್ಟಿದಳು.

"ಸ್ವಲ್ಪ ಸರೀತೀಯಾ ಮಾರಾಯ್ತಿ? ನಿಂದು ಅಮ್ಮನವರಿಗೆ ಕೇಳಿಸೋ ಮೊದ್ಲು ನಂದು ಹೇಳಿ ಹೋಗ್ತೀನಿ."

ಆ ಪುಣ್ಯಾತ್ಗಿತ್ತಿ ಸರಿದೂ ಸರಿದಳು. ದರ್ಶನವಾಯಿತು. ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕಿದೆವು. ತುಂಗೆ ಸದ್ದಿಲ್ಲದೆ ಹರಿಯುತ್ತಿದ್ದಳು. ಅತ್ತೆ ಆ ನೀರನ್ನೇ ನೋಡುತ್ತಾ ಬಹಳ ಹೊತ್ತು ಕೂತಳು, ಒಳಗೆ ಯಾರದೋ ಮನೆ ಹುಡುಕುವವಳ ಹಾಗೆ.

ವಾಪಸು ಬರುವಾಗ ಬಸ್ಸಿನ ಕಂಡಕ್ಟರು ವಿಷಯ ಕೇಳಿ ನಕ್ಕುಬಿಟ್ಟ. "ಅಮ್ಮಾ, ಶೃಂಗೇರಿ ಮಳೆ ತುಂಗೆಗೆ ಹೋಗ್ತದೆ. ನಿಮ್ಮ ಡ್ಯಾಮು ಭದ್ರೆಗೆ ಕಟ್ಟಿದ್ದು. ಅರ್ಜಿ ಬೇರೆ ಆಫೀಸಿಗೆ ಹೋಯ್ತಲ್ಲ!"

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅತ್ತೆ ಕೊಪ್ಪ ಬರುವವರೆಗೂ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಇಳಿಯುವಾಗ ಮೆಟ್ಟಿಲ ಮೇಲೆ ನಿಂತು ಕೇಳಿದಳು, "ಕೂಡ್ಲಿಯಲ್ಲಿ ತುಂಗೆ ಭದ್ರೆ ಎರಡೂ ಸೇರೋದಿಲ್ವಾ? ಅಲ್ಲಿ ಇವಳು ಅವಳಿಗೆ ಹೇಳ್ತಾಳೆ ಬಿಡು."

"ಕೂಡ್ಲಿ ಇರೋದು ಡ್ಯಾಮಿಗಿಂತ ಕೆಳಗಲ್ವಾ ಅಮ್ಮ? ನೀರು ಹಿಂದಕ್ಕೆ ಹರಿಯೋದಿಲ್ಲ."

"ನೀರು ಹರಿಯೋದಿಲ್ಲ ಮಾರಾಯ. ಹೆಂಗಸರ ಮಾತು ಹರೀತದೆ."

ಕನಸಿಗೆ ತಿದ್ದುಪಡಿ

ಇಡೀ ಬೇಸಿಗೆ ಅತ್ತೆ ಜಗಲಿಯಲ್ಲಿ ಕೂತು ನೀರು ಕಾದಳು. ನೀರು ಇಳಿದ ಹಾಗೆಲ್ಲ ದಡದಲ್ಲಿ ಕೆಂಪು ಮಣ್ಣಿನ ಗೆರೆಗಳು ಒಂದರ ಕೆಳಗೊಂದು ಮೂಡುತ್ತಿದ್ದವು. ಅದನ್ನು ನೋಡುತ್ತಾ ಅವಳು ಕೆಳಗಿನ ಊರಿನ ಕತೆ ಹೇಳುತ್ತಿದ್ದಳು. ಕೇಳಿ ಕೇಳಿ ನನಗೂ ಆ ಊರು ಕನಸಿನಲ್ಲಿ ಬರತೊಡಗಿತು. ಒಂದು ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದೆ.

"ಅತ್ತೆ, ಕೆಳಗಿನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ನಿಂತಿದ್ದೆ. ಮೀನುಗಳು ಗುಬ್ಬಿಯ ಹಾಗೆ ಹೆಂಚಿನ ಮಾಡಿನ ಮೇಲೆ ಕೂತಿದ್ದವು."

"ಬಾವಿ ನೋಡಿದ್ಯಾ?"

"ನೋಡಿದೆ. ಮನೆಯ ಎಡಕ್ಕೆ."

"ತಪ್ಪು. ನಮ್ಮ ಬಾವಿ ಬಲಕ್ಕೆ. ಎಡಕ್ಕೆ ಇದ್ದದ್ದು ಆಚೆಮನೆಯದು. ನೀನು ಅವರ ಮನೆಗೆ ಹೋಗಿ ನಿಂತಿದ್ದೀಯ, ನಾಚಿಕೆ ಇಲ್ಲದವನೆ! ನೀರುಗೀರು ಏನೂ ಕುಡೀಲಿಲ್ಲ ತಾನೆ?"

ಇಲ್ಲ ಅಂದೆ. ಅವಳಿಗೆ ಸಮಾಧಾನವಾಯಿತು. ಸಂಜೆ ದೀಪ ಹಚ್ಚಿ ಕೈಮುಗಿಯುವಾಗ ನನ್ನ ಹಣೆಗೆ ವಿಭೂತಿ ಇಟ್ಟು ಹೇಳಿದಳು.

"ಇವತ್ತು ಕನಸು ಸರಿಯಾಗಿ ಬೀಳಲಿ. ಬಾವಿ ಬಲಕ್ಕೆ, ನೆನಪಿಟ್ಕೊ."

ದೇವರ ದಯ, ಅವತ್ತು ಬಾವಿ ಬಲಕ್ಕೇ ಬಂತು. ಬೆಳಿಗ್ಗೆ ಅದನ್ನು ಹೇಳಿದಾಗ ನನ್ನ ಹೆಂಡತಿ ದೋಸೆ ಹೊಯ್ಯುತ್ತಾ ಕೇಳಿದಳು, "ಅಷ್ಟು ದೂರ ಹೋದವರು ಆ ಚೌಡಿಯನ್ನೂ ಒಂದು ನೋಡ್ಕೊಂಡು ಬರಬಾರದಿತ್ತಾ?"

ಬಳೆ

ಮೇ ತಿಂಗಳ ಕೊನೆಗೆ ನೀರು ಹುಣಸೆಮರದ ಬೊಡ್ಡೆ ಬಿಟ್ಟಿತು. ಆಮೇಲೆ ಏರು ಬಿಟ್ಟಿತು. ಅಲ್ಲಿ ನಿಜವಾಗಿಯೂ ಏರು ಇತ್ತು. ದೋಣಿಯವನು ಅದನ್ನು ನೋಡಿ ಕೆನ್ನೆ ತಟ್ಟಿಕೊಂಡ. ಒಂದು ದಿನ ಅಂಗಳಗಳು ಕಾಣಿಸಿದವು. ಅವತ್ತೇ ಪಶ್ಚಿಮದಲ್ಲಿ ಮೋಡವೂ ಕಾಣಿಸಿತು.

"ಇವತ್ತು ಬಿಟ್ರೆ ಇಲ್ಲ," ಅಂದಳು ಅತ್ತೆ.

ಊರವರೆಲ್ಲ ಕೆಳಗಿಳಿದೆವು. ಬಿರುಕು ಬಿಟ್ಟ ನೆಲದ ಮೇಲೆ ಒಬ್ಬರ ಹಿಂದೊಬ್ಬರು ನಡೆದೆವು. ಗೋಡೆಗಳು ಮೊಣಕಾಲೆತ್ತರ ಉಳಿದಿದ್ದವು. ಬೆಳಕು ಬೂದಿಬಣ್ಣಕ್ಕೆ ತಿರುಗಿತ್ತು. ನಾವು ಇನ್ನೂ ನೀರಿನೊಳಗೇ ನಡೆಯುತ್ತಿದ್ದೇವೆ, ತಲೆಯ ಮೇಲೆ ಎಲ್ಲೋ ಲಾಂಚು ಹೋಗುತ್ತಿದೆ, ಅದರಲ್ಲಿ ಕೂತವರು ನಮಗೇ ಕೈಮುಗಿಯುತ್ತಿದ್ದಾರೆ ಅಂತ ನನಗೆ ಅನ್ನಿಸಿತು.

ಕೆಸರಿನಲ್ಲಿ ಅರ್ಧ ಹೂತ ಒಂದು ಗಿಡ್ಡ ಕಲ್ಲಿನ ಹತ್ತಿರ ಅತ್ತೆ ನಿಂತಳು. "ಇಲ್ಲಿಂದ ಮುಂದೆ ದೇವರ ಜಾಗ. ಚಪ್ಪಲಿ ಬಿಡಿ," ಅಂದಳು. ಎಲ್ಲರೂ ಆ ಕಲ್ಲಿನ ಸುತ್ತ ಚಪ್ಪಲಿ ಬಿಟ್ಟೆವು. ನಾನು ಕೊಡೆಯನ್ನೂ ಅದಕ್ಕೇ ಒರಗಿಸಿದೆ. ಬರಿಗಾಲಲ್ಲಿ ಮುಂದೆ ಹೋದರೆ, ಹಲಸಿನ ಮರದ ಬೊಡ್ಡೆಯ ಆಚೆ ಒಂದು ಅಗಲವಾದ ಕಲ್ಲು. ಕರ್ರಗೆ, ನುಣ್ಣಗೆ ಹೊಳೆಯುತ್ತಿತ್ತು.

"ಇದೇ," ಅಂದಳು ಅತ್ತೆ. ಅಂಗೈಯಿಂದ ಕಲ್ಲು ಸವರಿದಳು. "ನೋಡು ಹೊಳಪು! ತಲೆತಲಾಂತರದಿಂದ ಎಣ್ಣೆ ಕುಡಿದ ಕಲ್ಲು. ಇಷ್ಟು ವರ್ಷ ನೀರಿನಲ್ಲಿದ್ದರೂ ಕಳೆ ಹೋಗಿಲ್ಲ."

ನೀರೆರೆದೆ, ಅರಿಶಿನ ಕುಂಕುಮ ಹಚ್ಚಿದೆ, ಕಾಯಿ ಒಡೆದೆ. ಅತ್ತೆ ಬಳೆಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಇಟ್ಟಳು. ಅವಳ ಕಣ್ಣಲ್ಲಿ ನೀರು. ಊರವರೂ ಕಣ್ಣೊರೆಸಿಕೊಂಡರು. ಆಚೆಮನೆಯವರು ಕೋಲೂರಿಕೊಂಡು ಬಂದು, ಸ್ವಲ್ಪ ದೂರದಲ್ಲಿ ನಿಂತು, ಪೂಜೆ ಮುಗಿಯುವವರೆಗೂ ಕಣ್ಣು ಮಿಟುಕಿಸದೆ ನೋಡಿದರು. ನಾನು ಕಾಯಿಚೂರು ಕೊಟ್ಟೆ. ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿ, ಪೂರ್ತಿ ಅಗಿದು ನುಂಗಿದ ಮೇಲೆ ನನಗೆ ಹೇಳಿದರು.

"ನಿನ್ನ ಅತ್ತೆಗೆ ಹೇಳು. ಪೂಜೆ ಬಹಳ ಚೆನ್ನಾಗಾಯ್ತು. ಆದರೆ ಅದು ನಮ್ಮ ಬಚ್ಚಲ ಕಲ್ಲು."

ಊರವರು ಕಲ್ಲಿನಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ಎಣ್ಣೆ ಕುಡಿದದ್ದು ಹೌದು," ಅಂದರು. "ದೀಪಾವಳಿಗೆ ನಮ್ಮ ಮನೆಯವರೆಲ್ಲ ಅದರ ಮೇಲೇ ಕೂತು ಎಣ್ಣೆಸ್ನಾನ ಮಾಡ್ತಿದ್ದೆವು."

"ಹಾಗಾದ್ರೆ ಚೌಡಿ?" ಅಂತ ಕೇಳಿದೆ. ಅವರು ಕೋಲೆತ್ತಿ ನಾವು ಬಂದ ದಾರಿಯ ಕಡೆ ತೋರಿಸಿದರು.

"ಎಲ್ಲರೂ ಚಪ್ಪಲಿ ಬಿಟ್ರಲ್ಲ, ಅದು."

ಶಿವ ಶಿವಾ! ಊರಿಗೆ ಊರೇ ಓಡಿತು. ಯಾರು ಯಾರ ಚಪ್ಪಲಿ ಎತ್ತಿದರೋ ಗೊತ್ತಿಲ್ಲ. ನಾನು ಕೊಡೆ ಎತ್ತಿ, ಕೆಸರಿನಲ್ಲೇ ಅಡ್ಡಬಿದ್ದು, ತಪ್ಪಾಯ್ತು ತಾಯಿ ಅಂದೆ. ಅತ್ತೆ ಮಾತ್ರ ಬಚ್ಚಲ ಕಲ್ಲಿನ ಹತ್ತಿರವೇ ನಿಂತಿದ್ದಳು. ಅಷ್ಟೂ ವರ್ಷಗಳ ನಂತರ ಮೊದಲ ಸಲ ಆಚೆಮನೆಯವರ ಮುಖ ನೋಡಿ ಕೇಳಿದಳು.

"ಅಷ್ಟು ಹೊತ್ತು ನಿಂತು ನೋಡಿದೆಯಲ್ಲೋ! ಮೊದಲೇ ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತು?"

"ಮಾತಿಲ್ಲವಲ್ಲ!" ಅಂದರು ಅವರು.

ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಅತ್ತೆ ಬಳೆಗಳನ್ನು ನೋಡಿದಳು. "ಒಂದು ಸಲ ಇಟ್ಟದ್ದನ್ನ ಇಟ್ಟವಳೇ ಎತ್ತಬಾರದು. ಬೇರೆ ಬಳೆ ತರೋಷ್ಟು ಹೊತ್ತಿಲ್ಲ," ಅಂತ ನೆಲ ನೋಡುತ್ತಾ ಹೇಳಿದಳು. ಮತ್ತೆ ಲಂಗದ ಹುಡುಗಿಯ ಹಾಗೆ ಕಂಡಳು.

ಆಚೆಮನೆಯವರು ಕೋಲನ್ನು ನನ್ನ ಕೈಗೆ ಕೊಟ್ಟರು. ಮೆಲ್ಲಗೆ ಬಗ್ಗಿ, ಬಚ್ಚಲ ಕಲ್ಲಿನ ಮೇಲಿನ ಬಳೆಗಳನ್ನೆಲ್ಲ ಅಂಗವಸ್ತ್ರದಲ್ಲಿ ಒಟ್ಟುಮಾಡಿಕೊಂಡರು.

"ನಮ್ಮ ಹಿತ್ತಲಲ್ಲಿ ಬಿದ್ದದ್ದು ನಮ್ಮದು," ಅಂದರು. "ಅವತ್ತೂ ಅದನ್ನೇ ಹೇಳಿದ್ದೆ. ಈಗ ಈ ಬಳೆ ನನ್ನದು. ತವರೂರಿಗೆ ಬಂದ ಹೆಣ್ಣುಮಗಳಿಗೆ ಆಚೆಮನೆಯಿಂದ ಕೊಡ್ತಿದ್ದೀನಿ. ಹಿಡಿ."

ಅತ್ತೆ ಸೆರಗೊಡ್ಡಿದಳು. ಹಾಗೆಯೇ ನಡೆದು ಬಂದು, ಚೌಡಿಯ ಮುಂದೆ ಕೂತು, ಮೊದಲು ಸೆರಗಿನ ಅಂಚಿನಿಂದ ಕಲ್ಲಿನ ಕೆಸರು ಒರೆಸಿದಳು. ಆಮೇಲೆ ಬಳೆ ತೊಡಿಸಿದಳು. "ಬಳೆ ತಂದೆ ನೋಡು," ಅಂದದ್ದು ಮಾತ್ರ ನನಗೆ ಕೇಳಿಸಿತು. ಮಳೆಗೆ ಹಸಿರು ಗಾಜು ಮಿನುಗಿತು.

ಮಳೆ ಜೋರಾಯಿತು. ಊರವರು ಮುಂದೆ ಓಡಿದರು. ಇದ್ದದ್ದು ನನ್ನದೊಂದೇ ಕೊಡೆ. ಎಡಕ್ಕೆ ಅತ್ತೆ, ಬಲಕ್ಕೆ ಆಚೆಮನೆಯವರು, ನಡುವೆ ನಾನು. ಏರು ಹತ್ತುವಾಗ ಎತ್ತುಗಳು ನಿಲ್ಲುತ್ತಿದ್ದ ಜಾಗದಲ್ಲಿ ಮೂವರೂ ನಿಂತು ಉಸಿರು ಬಿಟ್ಟೆವು. ಅತ್ತೆ ಬಹಳ ಮೆತ್ತಗೆ ಕೇಳಿದಳು.

"ಒಂದು ಮಾತು ಕೇಳ್ಲಾ? ಆ ಹಲಸಿನಹಣ್ಣು ಹೇಗಿತ್ತು?"

ಅವರು ಅಂಗವಸ್ತ್ರದಿಂದ ಮುಖದ ನೀರು ಒರೆಸಿಕೊಂಡರು. ಸುಳ್ಳು ಹೇಳುವ ವಯಸ್ಸಲ್ಲ.

"ಒಳಗೆಲ್ಲ ಕೊಳೆತಿತ್ತು. ಕರುವಿಗೆ ಹಾಕಿದ್ವಿ. ಕರುವೂ ಮೂಸಿ ನೋಡಿ ಬಿಡ್ತು."

ಅತ್ತೆ ಸರಕ್ಕನೆ ಮುಖ ತಿರುಗಿಸಿದಳು.

"ನಮ್ಮ ಮರದ ಹಣ್ಣನ್ನ ಕೊಳೆತದ್ದು ಅಂತಾನಲ್ಲ! ತಮ್ಮಾ, ಇನ್ನು ಮೇಲೆ ಅವನಿಗೂ ನಂಗೂ ಮಾತಿಲ್ಲ ಅಂತ ಹೇಳಿಬಿಡು."

ಅದೇ ಕೊಡೆಯ ಕೆಳಗೆ, ನನ್ನ ಬಲಗಡೆಯಿಂದ, ಆಚೆಮನೆಯವರು ನನಗೆ ಹೇಳಿದರು, "ಆಯ್ತು ಅಂತ ಹೇಳು."